ಬಲಗಣ್ಣಿಗೆ ಎಡಗೈ

ತೊಳೆದು ತೊಳೆದು ಅವರ ಬೆರಳ ತುದಿಗಳು ಬಟ್ಟೆ ಒಗೆದೆದ್ದವರ ಬೆರಳಿನಂತೆ ಬಿಳಿಚಿ ಸುಕ್ಕಾಗಿದ್ದವು. ಮುಖದ ತುಂಬ ಮಾಸ್ಕು. ಪೆಟಾಲಿಂಗ್ ಜಯಾದ ಆ ಕಣ್ಣಿನ ಡಾಕ್ಟರೆಂದರೆ ನನ್ನ ಪಾಲಿಗೆ ಆ ಎರಡು ಕೈ, ಮೇಲೆ ಎರಡು ಪೊದೆಹುಬ್ಬು, ಅಷ್ಟೆ.

ಮಗಳ ಬಾಣಂತನಕ್ಕೆಂದು ತುಮಕೂರಿನಿಂದ ಈ ಪರದೇಶಕ್ಕೆ ಬಂದವಳು ಲಾಕ್‌ಡೌನಿನಲ್ಲಿ ಇಲ್ಲೇ ಉಳಿದೆ. ಕೂಸು ಹುಟ್ಟಿತು, ಹೆಣ್ಣು. ಮೂಗು ಅಜ್ಜಿಯದೇ ಅಂದರು. ನನಗೆ ಕಂಡದ್ದು ಮಂಜಿನೊಳಗೆ ಒಂದು ಗುಂಡನೆಯ ಬಿಳುಪು. ಎರಡೂ ಕಣ್ಣಿಗೆ ಪೊರೆ. ನೀರು ಹಾಕಲು ಮಗು ಕೊಡು ಅಂದರೆ ಮಗಳು ಹಿಂದೆಮುಂದೆ ನೋಡುತ್ತಿದ್ದಳು. ಬಾಣಂತನಕ್ಕೆ ಬಂದವಳಿಗೆ ಇನ್ನೇನು ಬೇಕು.

ಡಾಕ್ಟರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು. ಅವರ ಕೋಣೆಯ ಗೋಡೆಯಲ್ಲಿ ಗಡ್ಡದವರದೊಂದು ಪಟ ಮಸುಕಾಗಿ ಕಂಡಿತು. ಏಸು ಸ್ವಾಮಿ ಅಂದುಕೊಂಡು ಕೈಮುಗಿದೆ.

"ದೇವರಲ್ಲ ಅಮ್ಮ," ಎಂದು ನಕ್ಕರು. "ವಿಕ್ಟೋರಿಯಾ ರಾಣಿ ಕಾಲದ ಕಣ್ಣಿನ ಡಾಕ್ಟರು. ನನ್ನ ಗುರುಗಳ ಗುರುಗಳಿಗೆ ಗುರು."

ಅಷ್ಟು ಹೇಳಿ ಮದ್ದಿನ ಬಾಟಲಿ ಚಾಚಿದರು, ಎಡಗೈಯಲ್ಲಿ. ನಾನು ಸೆರಗಿನೊಳಗೆ ಕೈ ಇಟ್ಟುಕೊಂಡೆ.

"ಎಂತ ಅಮ್ಮ, ಮದ್ದು ಬೇಡವಾ?"

"ಎಡಗೈಲಿ ಕೊಟ್ರೆ ಈಸ್ಕೊಳಲ್ಲ ಡಾಕ್ಟ್ರೇ. ಅದೂ ಕಣ್ಣಿಗೆ."

"ಹಾಗಾದ್ರೆ ಕಷ್ಟ ಉಂಟು. ನಾನು ಬಲಗಣ್ಣು ಮಾಡುದೇ ಈ ಕೈಯಲ್ಲಿ."

ಆಗಿನ ಡಾಕ್ಟರುಗಳು ರೋಗಿಯ ಎದುರಿಗೇ ಕೂರುತ್ತಿದ್ದರಂತೆ. ಬಲಗಣ್ಣಿಗೆ ಎಡಗೈ, ಎಡಗಣ್ಣಿಗೆ ಬಲಗೈ, ಎರಡೂ ಪಳಗಬೇಕು. ಆ ಅಭ್ಯಾಸ ಗುರುವಿನಿಂದ ಗುರುವಿಗೆ ಇಳಿದು ಇವರವರೆಗೆ ಬಂದಿತ್ತು. ಎಡಗೈಯನ್ನು ಪಳಗಿಸಲು ವರ್ಷಗಟ್ಟಲೆ ಅದರಲ್ಲೇ ಅಂಗಿಯ ಗುಂಡಿ ಹಾಕಿದರಂತೆ, ಮೀನಿನ ಮುಳ್ಳು ಬಿಡಿಸಿದರಂತೆ.

"ಆಗ ಮತ್ತು ಬರೋ ಮದ್ದಿತ್ತಾ?"

"ಸುರುವಿಗೆ ಎಲ್ಲಿ? ತಲೆಯನ್ನು ಒಬ್ಬ ಹಿಂದಿನಿಂದ ಎದೆಗೆ ಒತ್ತಿ ಹಿಡಿಯುದು."

"ಅಯ್ಯೋ. ರೋಗಿ ಅಲ್ಲಾಡಿದ್ರೆ?"

"ನಿಮ್ಮ ಹಾಗೆ ಪ್ರಶ್ನೆ ಕೇಳಿದ್ರೂ ಕಷ್ಟವೇ."

ಮೊಮ್ಮಗಳ ಮೂಗು ನೆನಪಾಯಿತು. ಕೈ ಚಾಚಿ ಬಾಟಲಿ ಈಸಿಕೊಂಡೆ.

ಬಲಗಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಮೊದಲು ಕಂಡದ್ದು ಪಟದ ಡಾಕ್ಟರ ಕೋಟು, ಗಡಿಯಾರದ ಸರಪಳಿ. ಮನೆಗೆ ಬಂದೆ. ಮಗಳು ತಾನಾಗಿ ಕೂಸನ್ನು ನನ್ನ ಮಡಿಲಿಗಿಟ್ಟಳು. ಮೂಗು ನನ್ನದೇ, ಮೊಂಡುಮೂಗು. ಹುಬ್ಬಿನ ಒಂದೊಂದು ಕೂದಲೂ ಕಂಡಿತು. ಎಣ್ಣೆ ಹಚ್ಚುತ್ತ ಅವತ್ತು ಎಷ್ಟು ಹಾಡಿದೆನೋ ನನಗೇ ಗೊತ್ತಿಲ್ಲ.

ಮೊನ್ನೆ ಡಾಕ್ಟರು ತೀರಿಕೊಂಡರೆಂದು ಮಗಳು ಫೋನಿನಲ್ಲಿ ಫೋಟೋ ತೋರಿಸಿದಳು. ಮಾಸ್ಕಿಲ್ಲದ ಮುಖ, ಗಲ್ಲದಲ್ಲಿ ಗುಳಿ. ಯಾರೋ ಅಂದುಕೊಂಡೆ, ಹುಬ್ಬು ನೋಡಿ ಗುರುತು ಹಿಡಿದೆ.

ಆಗಲೇ, ಈಗ ಮೂರು ವರ್ಷದವಳಾದ ಮೊಮ್ಮಗಳು ಬಿಸ್ಕತ್ತು ತಂದಳು. "ಅಜ್ಜಿ, ಟೇಕ್ ಲಾ," ಎಂದಳು ಇಲ್ಲಿಯವರ ರಾಗದಲ್ಲಿ.

"ಬಲಗೈಲಿ ಕೊಡೇ," ಎಂದು ಮಗಳು ಗದರಿದಳು.

"ಸುಮ್ನಿರೇ," ಎಂದೆ. ಆ ಪುಟ್ಟ ಎಡಗೈಯಿಂದ ಬಿಸ್ಕತ್ತು ಈಸಿಕೊಂಡು ಕಣ್ಣಿಗೊತ್ತಿಕೊಂಡೆ, ಬಲಗಣ್ಣಿಗೆ.