ಅಳಿಯನ ತಲೆ ಅಲ್ಲಾಡಿಸಿದ ಯಜಮಾನ

ನಮ್ಮ ಅಣ್ಣ ತೆರೆಯ ಮೇಲೆ ಬಂದರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ಮನೆಯಲ್ಲಿ ನಮಗೆ ಆ ಭಾಗ್ಯವಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆ ಮುರಿಯುತ್ತಾ ಗೋಡೆ ನೋಡುವ ಮನುಷ್ಯ ಅವನು. ಅಭಿಮಾನಿಗಳು ಯಾರಾದರೂ ನೊಣವಿನಕೆರೆಗೆ ಬಂದು ನಮ್ಮ ಮನೆ ಹುಡುಕಿದರೆ, ಜಗಲಿಯ ಮೇಲೆ ಕೂತ ಆ ಗಂಟುಮುಖ ನೋಡಿ ತಪ್ಪು ಮನೆಗೆ ಬಂದೆವೇನೋ ಎಂದು ಹಿಂದೆ ಸರಿಯುತ್ತಿದ್ದರು. ನಾನು ಕಾಫಿ ತಂದುಕೊಟ್ಟು, "ಇವನೇ ಕಣ್ರೀ. ಟಿಕೆಟ್ ತಗೊಂಡ್ರೆ ಮಾತ್ರ ನಗಿಸ್ತಾನೆ" ಎನ್ನುತ್ತಿದ್ದೆ. ಅದಕ್ಕೂ ಅವನು ನಗುತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ಅವನ ತಂಗಿ ನಾನು ತೊಟ್ಟಿಲಲ್ಲಿದ್ದೆ, ಅಣ್ಣ ಸ್ಕೂಲಿಗೆ ಹೋಗುತ್ತಿದ್ದ. ಅಲ್ಲಿಂದ ಮುಂದೆ ತೋಟ, ದನ, ಹೊಲ ಎಲ್ಲವನ್ನೂ ನೋಡಿಕೊಂಡವಳು ಅವ್ವ. ಕಾಯಿ ಕೀಳಿಸುವುದರಿಂದ ಹಿಡಿದು ತಿಪಟೂರಿನ ಮಂಡಿಗೆ ಕೊಬ್ಬರಿ ಹೊರಡಿಸುವವರೆಗೆ ಅವಳದೇ ಕಾರುಬಾರು. ನಮ್ಮ ಕಡೆ ಕೊಬ್ಬರಿ ಎಂದರೆ ಬಿಸಿಲಿಗೆ ಹರವಿ ಒಣಗಿಸುವುದಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಇರಲಿ, ಲೊಟಲೊಟ ಎಂದರೆ ಇಳಿಸು. ಈ ಅಭ್ಯಾಸ ನಮ್ಮ ಜನರಿಗೆ ಎಷ್ಟು ಅಂಟಿದೆಯೆಂದರೆ, ದೇವರ ಮುಂದೆ ಒಡೆಯುವ ಕಾಯನ್ನೂ ಒಮ್ಮೆ ಕಿವಿಗೆ ಹಿಡಿಯದೆ ಕೆಳಗಿಟ್ಟವರನ್ನು ನಾನು ಕಂಡಿಲ್ಲ.

ಅಣ್ಣ ತಿಪಟೂರಿನ ಕಾಲೇಜಿಗೆ ಸೇರಿದ ವರ್ಷವೇ ಅಲ್ಲಿ ಒಂದು ನಾಟಕದ ಕಂಪನಿ ಮೊಕ್ಕಾಂ ಹೂಡಿತು. ಇವನು ಕಾಲೇಜಿಗೆಂದು ಬಸ್ಸು ಹತ್ತಿ ಕಂಪನಿಯ ತಗಡಿನ ಥಿಯೇಟರಿನ ಮುಂದೆ ಇಳಿಯತೊಡಗಿದ. ಕೊನೆಗೆ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಹೇಳಿಕೊಡುವ ಕೆಲಸ ಸಿಕ್ಕಿತು. ಹೇಳಿಕೊಡುವವನು ಬರೆದದ್ದನ್ನು ಮಾತ್ರ ಹೇಳಿಕೊಡಬೇಕಲ್ಲವೇ? ಇವನು ನಡುನಡುವೆ ತನ್ನದೂ ಒಂದು ಮಾತು ತೂರಿಸುತ್ತಿದ್ದ. ಒಂದು ದಿನ ಹಾಸ್ಯದ ಪಾತ್ರಧಾರಿ ಗೊತ್ತಿಲ್ಲದೆ ಅದನ್ನು ಆಡಿಬಿಟ್ಟರು, ಜನ ಬಿದ್ದು ಬಿದ್ದು ನಕ್ಕರು. ಒಳಗೆ ಬಂದ ಅವರು ಕೆನ್ನೆಗೆ ಬಾರಿಸುತ್ತಾರೆ ಎಂದು ಇವನು ನಡುಗುತ್ತಿದ್ದರೆ, ಅವರು ಬೆವರು ಒರೆಸಿಕೊಂಡು, "ನಾಳೆಗೂ ಒಂದೆರಡು ಮಾತು ಮಾಡಿಟ್ಕೊಳ್ಳಪ್ಪ" ಎಂದರಂತೆ. ದೊಡ್ಡ ಮನಸ್ಸು ಅವರದು. ಅಣ್ಣನ ಕಸುಬು ಶುರುವಾದದ್ದು ಆ ಮರೆಯಲ್ಲಿ.

ಕಂಪನಿ ಊರು ಬಿಟ್ಟಾಗ ತಾನೂ ಹೋಗುತ್ತೇನೆ ಎಂದ. ನಮ್ಮ ದೊಡ್ಡಪ್ಪ ಕುಣಿದಾಡಿದರು. ಅವ್ವ ಮಾತ್ರ, "ಅನ್ನ ಹಾಕ್ತಾರೇನ್ಲಾ?" ಎಂದು ಕೇಳಿದಳು.

"ಹಾಕ್ತಾರೆ ಕಣವ್ವ."

"ಹಂಗಾರೆ ಹೋಗು. ಕಾಯಿ ಕೀಳಿಸೋ ಹೊತ್ತಿಗೆ ಬಂದ್ಬುಡು."

ಅವನು ಆ ಮಾತು ಉಳಿಸಿಕೊಂಡ. ಕಂಪನಿಯಿಂದ ಗಾಂಧಿನಗರಕ್ಕೆ ಹೋಗಿ ಸಿನಿಮಾಗಳಿಗೆ ಹಾಸ್ಯದ ದೃಶ್ಯ ಬರೆದುಕೊಡುವವನಾದ ಮೇಲೂ, ಮದರಾಸಿನ ಸ್ಟುಡಿಯೋಗಳಿಗೆ ಓಡಾಡುವಂತಾದ ಮೇಲೂ, ಕಾಯಿ ಕೀಳಿಸುವ ಹೊತ್ತಿಗೆ ಊರಿನಲ್ಲಿರುತ್ತಿದ್ದ. ನಟನಾದದ್ದು ಅವನ ಆಸೆಯಿಂದಲ್ಲ. ಇವನು ಬರೆದ ನಮ್ಮ ಕಡೆಯ ಮಾತನ್ನು ಬೇರೆಯವರು ಆಡಿದರೆ ಪಾಠ ಒಪ್ಪಿಸಿದ ಹಾಗೆ ಕೇಳುತ್ತಿತ್ತು. ಒಬ್ಬ ನಿರ್ದೇಶಕರು ರೋಸಿಹೋಗಿ, "ನೀನೇ ನಿಂತ್ಕೊಂಡು ಹೇಳಪ್ಪ, ನನ್ನ ಕೈಲಾಗಲ್ಲ" ಎಂದರಂತೆ. ನಿಂತುಕೊಂಡ. ಆಮೇಲೆ ಅವನನ್ನು ಕೂರಿಸಲು ಯಾರಿಂದಲೂ ಆಗಲಿಲ್ಲ.

ಒಡಹುಟ್ಟಿದವನೆಂದು ಹೊಗಳುತ್ತಿಲ್ಲ. ಆ ಕಾಲದ ಸಿನಿಮಾಗಳಲ್ಲಿ ನಗಿಸಬೇಕೆಂದರೆ ತೊದಲುವವನನ್ನೋ ಕುಂಟುವವನನ್ನೋ ಕರೆತಂದು ನಿಲ್ಲಿಸುತ್ತಿದ್ದರು. ಅಣ್ಣ ಅಂಥದ್ದೊಂದನ್ನೂ ಬರೆಯಲಿಲ್ಲ, ಮಾಡಲಿಲ್ಲ. ಇದರಿಂದ ಅವನ ಕೈತಪ್ಪಿದ ಚಿತ್ರಗಳೂ ಉಂಟು. "ಬಿದ್ದವನನ್ನ ತೋರಿಸಿದ್ರೆ ಯಾರ್ ಬೇಕಾದ್ರೂ ನಗ್ತಾರೆ. ಅದಕ್ಕೆ ನಾನ್ಯಾಕೆ ಬೇಕು?" ಎನ್ನುತ್ತಿದ್ದ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ನಡೆಯುವ ದಿನ ಟೀ ಅಂಗಡಿಯ ಬೆಂಚಿನ ಮೂಲೆ ಹಿಡಿದು ಕೂತರೆ ಅಂಗಡಿಯವನೇ ಏಳಿಸಬೇಕು, ಅಲ್ಲಿಯವರೆಗೆ ಜನರ ಮಾತು ಕೇಳುತ್ತಿದ್ದ. ಮನೆಗೆ ಬಂದು ಅಟ್ಟದ ಕೆಳಗಿನ ಮಂಚದ ಮೇಲೆ ಬರೆಯುತ್ತಿದ್ದ. ಬರೆದದ್ದನ್ನು ಮೊದಲು ಅವ್ವನಿಗೆ ಓದಿ ಹೇಳುತ್ತಿದ್ದ. ಅವ್ವ ರಾಗಿ ಕೇರುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೇಳಿ, "ಹಂಗ್ಯಾರೂ ಅನ್ನಲ್ಲ ಕಣ್ಲಾ" ಎಂದರೆ ಆ ಸಾಲು ಹೋಯಿತು ಎಂದೇ ಅರ್ಥ. ಅವನು ಮರುಮಾತಾಡದೆ ಹೊಡೆದುಹಾಕುತ್ತಿದ್ದ.

ಒಂದು ಚಿತ್ರವನ್ನು ಮಾತ್ರ ಅವಳಿಗೆ ಓದಲಿಲ್ಲ. ಅವನ ಹೆಸರನ್ನು ಮನೆಮಾತು ಮಾಡಿದ ಚಿತ್ರವೇ ಅದು.

ಅದರಲ್ಲಿ ಅಣ್ಣ ತೆಂಗಿನ ತೋಟದ ಯಜಮಾನ. ದೊಡ್ಡ ಪೇಟ, ಗಿರಿಜಾ ಮೀಸೆ. ಈ ಯಜಮಾನ ಕಿವಿಗೆ ಹಿಡಿದು ಅಲ್ಲಾಡಿಸದೆ ಲೋಕದಲ್ಲಿ ಯಾವುದನ್ನೂ ನಂಬುವುದಿಲ್ಲ. ಕಾಯಿ ಅಲ್ಲಾಡಿಸುತ್ತಾನೆ, ಗಡಿಯಾರ ಅಲ್ಲಾಡಿಸುತ್ತಾನೆ. ಕೊನೆಗೆ ಮಗಳನ್ನು ನೋಡಲು ಪಟ್ಟಣದಿಂದ ಬಂದ ಓದಿದ ವರನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಗೆ ತಂದು, ಮೆಲ್ಲಗೆ ಅಲ್ಲಾಡಿಸಿ, "ಇನ್ನೂ ನೀರೈತೆ. ಮುಂದಿನ ವರ್ಷ ನೋಡಾನ" ಎನ್ನುತ್ತಾನೆ. ಅಲ್ಲಾಡಿಸುವ ಮುಂಚೆ ಪ್ರತಿಸಲವೂ ಒಂದು ಕಣ್ಣು ಮುಚ್ಚಿ, ಎಡಗೈಯಿಂದ ಕಿವಿಯ ಮೇಲಿಂದ ಏನನ್ನೋ ಹಿಂದಕ್ಕೆ ಸರಿಸುತ್ತಾನೆ. ಪೇಟ ಕಿವಿಯಿಂದ ಎಷ್ಟೋ ಮೇಲಿತ್ತು, ಸರಿಸಲು ಅಲ್ಲಿ ಏನೂ ಇರಲಿಲ್ಲ. ಅದೇ ನಟನ ಚಮತ್ಕಾರ ಎಂದು ಜನ ಅದಕ್ಕೂ ನಕ್ಕರು. ತಿಪಟೂರಿನ ಥಿಯೇಟರಿನಲ್ಲಿ ಆ ದೃಶ್ಯಕ್ಕೆ ಕುರ್ಚಿ ಮುರಿದವು ಎಂದರೆ ಸುಳ್ಳಲ್ಲ.

ಮುರಿಯುವ ಸರದಿ ನನ್ನ ಮದುವೆಗೂ ಬಂತು.

ಚಿತ್ರ ಬರುವುದಕ್ಕೆ ಕೆಲವು ತಿಂಗಳ ಮೊದಲು ಮಾಯಸಂದ್ರದ ಕಡೆಯ ಒಂದು ಮನೆಗೆ ನನ್ನನ್ನು ಒಪ್ಪಿಸಿ ವೀಳ್ಯ ಬದಲಾಯಿಸಿಕೊಂಡಿದ್ದರು. ಹುಡುಗ ತುರುವೇಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ಅವರ ತಂದೆ ತೆಂಗಿನ ತೋಟದವರು, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ವೀಳ್ಯದ ತಟ್ಟೆ ಕೈಗೆ ಬಂದ ಕೂಡಲೇ ಆ ಹಿರಿಯರು ಅದರೊಳಗಿನ ಕಾಯನ್ನು ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದ್ದರು. ಎದುರಿಗೆ ಕೂತಿದ್ದ ಮೇಷ್ಟ್ರು ನಗು ತಡೆಯಲು ತುಟಿ ಕಚ್ಚಿಕೊಂಡು ನನ್ನತ್ತ ನೋಡಿದರು. ನಾನೂ ತುಟಿ ಕಚ್ಚಿಕೊಂಡಿದ್ದೆ. ಅಷ್ಟೇ, ನಾನು ಮನಸ್ಸು ಕೊಟ್ಟುಬಿಟ್ಟೆ. ಇಂಥವರ ಜೊತೆ ಒಂದು ಜನ್ಮ ಕಳೆಯಬಹುದು ಅನ್ನಿಸಿತು.

ಆ ಹೊತ್ತಿಗೆ ಚಿತ್ರದ ಕಥೆ ಬರೆದು ಮುಗಿದು ಶೂಟಿಂಗೂ ಅರ್ಧ ಆಗಿತ್ತು. ಆದರೆ ಅದನ್ನು ನಂಬುವವರು ಯಾರು? ಮಾಯಸಂದ್ರದಲ್ಲಿ ಹಿರಿಯರು ಬಸ್ಸು ಹತ್ತಿದರೆ, "ಯಜಮಾನ್ರೇ, ನೀರೈತಾ ಒಣಗೈತಾ?" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗುತ್ತಿದ್ದರಂತೆ. ಹಾಗೆ ನೋಡಿದರೆ ತಲೆ ಕೆಡಿಸಿಕೊಂಡವರು ಅವರೊಬ್ಬರೇ ಅಲ್ಲ. ದಬ್ಬೇಘಟ್ಟದ ಯಾರೋ ತನ್ನನ್ನೇ ಆಡಿಕೊಂಡಿದ್ದಾನೆಂದು ಅಣ್ಣನಿಗೆ ಹಿಡಿಶಾಪ ಹಾಕಿದರು. ಚಿಕ್ಕನಾಯಕನಹಳ್ಳಿಯ ಅಂಗಡಿಯವರೊಬ್ಬರು ಅದು ನಾನೇ ಎಂದು ಗಿರಾಕಿಗಳ ಮುಂದೆ ಎದೆ ಉಬ್ಬಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಮೂರು ತಾಲ್ಲೂಕಿನ ಗಂಡಸರೂ ಹೆಗಲು ಮುಟ್ಟಿ ನೋಡಿಕೊಂಡರು.

ಅವ್ವನೂ ಸಿನಿಮಾ ನೋಡಿ ಬಂದಳು. "ಏನು ಚೆನ್ನಾಗಿಲ್ಲ, ಹೋಗ್ಬ್ಯಾಡ ಬುಡವ್ವ" ಎಂದು ಅಣ್ಣ ಹೇಳಿಕಳಿಸಿದ್ದರೂ ಕೇರಿಯ ಹೆಂಗಸರ ಜೊತೆ ಬಸ್ಸು ಹತ್ತಿದ್ದಳು. ಹೇಗಿತ್ತು ಎಂದು ನಾನು ಕೇಳಿದ್ದಕ್ಕೆ, "ಐತೆ" ಎಂದು ಕೊಟ್ಟಿಗೆಗೆ ಹೋದಳು. ಮಗನಿಂದ ಮಗಳ ಮದುವೆಗೆ ಕಲ್ಲು ಬಿತ್ತೆಂಬ ಚಿಂತೆ ಎಂದುಕೊಂಡೆ.

ಒಂದು ಬೆಳಗ್ಗೆ ಹಿರಿಯರು ಊರಿನ ಇಬ್ಬರನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬಂದರು. ಅಣ್ಣ ಸುದ್ದಿ ತಿಳಿದು ಹಿಂದಿನ ದಿನವೇ ಬಂದಿದ್ದ. ಬಂದವರು ನೀರು ಕೂಡ ಮುಟ್ಟದೆ, ಎಲೆ, ಅಡಿಕೆ, ಒಂದು ಕಾಯಿ ತೆಗೆದು ತಟ್ಟೆಗೆ ಇಟ್ಟರು. ಕೊಟ್ಟ ಮಾತನ್ನು ಹಿಂದಿರುಗಿಸುವ ರೀತಿ ಅದು. ಕಾಯನ್ನು ಇಡುವ ಮುಂಚೆ ಹಿರಿಯರ ಕೈ ತಾನಾಗಿ ಕಿವಿಯ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿರುವುದು ಅರಿವಾಗಿ ಅರ್ಧದಲ್ಲೇ ನಿಂತಿತು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅಂದು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದೆ.

"ಅದು ನೀವಲ್ಲ ಯಜಮಾನ್ರೇ. ನಿಮ್ಮನ್ನ ನೋಡೋಕ್ ಮುಂಚೇನೇ ಬರ್ದಿದ್ದು" ಎಂದು ಅಣ್ಣ ಕೈಮುಗಿದ.

"ಮತ್ಯಾರಪ್ಪ ಅದು? ಅದನ್ನೇಳು."

ಅಣ್ಣ ತಲೆ ತಗ್ಗಿಸಿದ. ಹಿರಿಯರು ಮತ್ತೊಮ್ಮೆ ಕೇಳಿದರು. ಅವನು ಸುಮ್ಮನಿದ್ದ. ಆ ಮೌನವೇ ತಪ್ಪೊಪ್ಪಿಗೆ ಎಂದು ತಿಳಿದು ಅವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದರು.

ಆಗ ಅವ್ವ ನನ್ನನ್ನು ಸರಿಸಿ ನಡುಮನೆಗೆ ಹೋದಳು. ವೀಳ್ಯದ ದಿನ ಅವಳು ಕಂಬದ ಹಿಂದೆ ನಿಂತಿದ್ದಳು. ಗಂಡ ಇಲ್ಲದವಳು ಶುಭಕಾರ್ಯದ ತಟ್ಟೆ ಮುಟ್ಟಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಈಗ ನೇರವಾಗಿ ಬಂದು ಅದೇ ತಟ್ಟೆಯಿಂದ ಕಾಯಿ ತೆಗೆದುಕೊಂಡಳು.

"ಅದು ನಾನು ಕಣ್ರೀ, ಬೀಗರೇ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವ್ವ ಒಂದು ಕಣ್ಣು ಮುಚ್ಚಿದಳು. ಎಡಗೈಯಿಂದ ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಕಾಯನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಸಿನಿಮಾದಲ್ಲಿ ಅಣ್ಣ ಪೇಟದ ಕೆಳಗೆ ಸರಿಸುತ್ತಿದ್ದದ್ದು ಈ ಸೆರಗನ್ನು. ದಿನಾ ಕಣ್ಣೆದುರಿಗೆ ಕಂಡದ್ದನ್ನೇ ಥಿಯೇಟರಿನಲ್ಲಿ ಕೂತು ನೋಡಿ ಹೊಟ್ಟೆ ಹಿಡಿದು ನಕ್ಕು ಬಂದಿದ್ದೆ, ಆದರೂ ನನಗೆ ಹೊಳೆದಿರಲಿಲ್ಲ. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಕಾಯಿ ಕೆಳಗಿಟ್ಟು, ಹಿರಿಯರ ಜೊತೆ ಬಂದಿದ್ದವರಲ್ಲಿ ಸಣ್ಣವನ ತಲೆಯನ್ನು ಒಂದು ಗಳಿಗೆ ಹಾಗೇ ದಿಟ್ಟಿಸಿದಳು. ಆ ಮನುಷ್ಯ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

ಮೊದಲು ನಕ್ಕವರು ಹಿರಿಯರು. ನಕ್ಕೂ ನಕ್ಕೂ ಕೆಮ್ಮು ಬಂದು ಅದೇ ಟವೆಲಿನಿಂದ ಕಣ್ಣು ಒರೆಸಿಕೊಂಡು ಕೂತರು. "ನೀರು ಕೊಡಿ ತಾಯಿ" ಎಂದರು. ಕುಡಿದಾದ ಮೇಲೆ, "ನಮ್ ಹುಡುಗನ್ನ ಕರ್ಕೊಂಡು ಬತ್ತೀನಿ. ನೀವೇ ಅಲ್ಲಾಡ್ಸಿ ನೋಡಿ ಒಪ್ಕಳಿ" ಎಂದರು. ನನಗೆ ಜೀವ ಬಂದಂತಾಯಿತು. ಅವರು ಊಟ ಮಾಡಿಕೊಂಡೇ ಹೊರಟರು.

ಅಣ್ಣನಿಗೆ ನಗೆಯ ವಿದ್ಯೆ ಯಾವ ಗುರುವಿನಿಂದ ಬಂತು ಎಂದು ಆಮೇಲೆ ಪತ್ರಿಕೆಯವರು ಎಷ್ಟೋ ಸಲ ಕೇಳಿದರು. ಅವನು ನಾಟಕದ ಕಂಪನಿಯ ಹೆಸರು ಹೇಳುತ್ತಿದ್ದ. ಆ ಬೆಳಗ್ಗೆ ನಡುಮನೆಯಲ್ಲಿದ್ದವರಿಗೆ ಆ ಪ್ರಶ್ನೆ ಕೇಳುವ ಅಗತ್ಯವಿರಲಿಲ್ಲ. ನನಗೆ ಅವನ ಮೇಲಿದ್ದ ಅಭಿಮಾನ ಅಂದಿನಿಂದ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಇಷ್ಟು ಹತ್ತಿರದಿಂದ, ಇಷ್ಟು ಪ್ರೀತಿಯಿಂದ ಅವ್ವನನ್ನು ನಮ್ಮಲ್ಲಿ ಇನ್ನು ಯಾರೂ ನೋಡಿರಲಿಲ್ಲ.

ಬಂದವರು ಹೋದ ಮೇಲೆ ಅಣ್ಣ ಜಗಲಿಯ ಮೇಲೆ ಮುಖ ತಗ್ಗಿಸಿ ಕೂತಿದ್ದ. ಅವ್ವ ಅವನಿಗೆ ಮಜ್ಜಿಗೆ ತಂದಳು.

"ತಪ್ಪಾಯ್ತು ಕಣವ್ವ. ನಿನ್ನ ಊರ ಬಾಯಿಗೆ ಹಾಕ್ದೆ" ಎಂದ.

"ಅದಿರ್ಲಿ ಬುಡು. ನಂಗ್ಯಾಕ್ಲಾ ಮೀಸೆ ಅಂಟಿಸ್ದೆ?"

ಅಣ್ಣ ತಲೆಯೆತ್ತಿ ನೋಡಿದ. ಅವ್ವ ಅವನ ಪಕ್ಕದಲ್ಲೇ ಕೂತಳು. "ಅಲ್ಲಿ ಪೇಟ ಮೀಸೆ ನೋಡ್ಕಂಡು, ಇದ್ಯಾರೋ ಗಂಡಸು ನನ್ನ ಬದುಕು ಮಾಡ್ತಾವ್ನಲ್ಲ ಅನ್ನುಸ್ತು. ಇನ್ನೊಂದ್ಸಲ ಬರುದ್ರೆ ಸೀರೆಲೇ ನಿಲ್ಸು ನನ್ನ."

"ಒಪ್ಪಲ್ಲ ಕಣವ್ವ ಸಿನಿಮಾದೋರು. ಮೊದ್ಲು ಹೆಂಗಸು ಅಂತಲೇ ಬರ್ದಿದ್ದೆ. ಗಂಡ ಸತ್ತೋಳನ್ನ ನೋಡಿ ಜನ ಅಳ್ತಾರೆ, ನಗಲ್ಲ ಅಂದ್ರು."

ಅವ್ವನಿಗೆ ಬೆಳಗಿನದು ನೆನಪಾಯಿತೇನೋ, ಸೆರಗು ಬಾಯಿಗೆ ಅಡ್ಡ ಹಿಡಿದು ಮೈಯೆಲ್ಲ ಕುಲುಕುವಂತೆ ನಕ್ಕಳು. ನಾನು ಹುಟ್ಟಿದ ಮೇಲೆ ಅವಳು ಹಾಗೆ ನಕ್ಕದ್ದನ್ನು ಕಂಡಿರಲಿಲ್ಲ.

"ಸತ್ತಿದ್ದು ನನ್ನ ಗಂಡ" ಎಂದಳು. "ನಾನೇ ನಗ್ತಾ ಇವ್ನಿ. ಅವ್ರಿಗೇನಂತೆ?"