ಒಂದೇ ಸಲ ಮಡಚಬೇಕು

ನಮ್ಮ ಆಟಿಕೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜಡ್ಜಮ್ಮ ಎಂದು ಕರೆಯುತ್ತಿದ್ದರು. ಎದುರಿಗೆ ಮಾತ್ರ ಅಕ್ಕ. ಇಪ್ಪತ್ತೊಂದು ವರ್ಷ ತಪಾಸಣೆ ಮೇಜಿನ ಹಿಂದೆ ಕೂತವಳು. ಅವಳು ‘ಹೂಂ’ ಅಂದರೆ ಆಟಿಕೆ ಡಬ್ಬಿಗೆ, ‘ಊಹೂಂ’ ಅಂದರೆ ಕೆಂಪು ಬುಟ್ಟಿಗೆ. ಮ್ಯಾನೇಜರೇ ಬಂದು ಹಲ್ಲು ಗಿಂಜಿದರೂ ಕೆಂಪು ಬುಟ್ಟಿಗೆ ಬಿದ್ದದ್ದು ಮೇಲೆ ಬರುತ್ತಿರಲಿಲ್ಲ. ಅವಳ ಎಡಗಡೆ ಕೂತು, ಪಾಸಾದದ್ದನ್ನು ಡಬ್ಬಿಯಲ್ಲಿಟ್ಟು, ಚೀಟಿ ಹಾಕಿ ಮುಚ್ಚಳ ಮುಚ್ಚುವವಳು ನಾನು. ಹದಿನಾಲ್ಕು ವರ್ಷ ಹಾಗೆ ಕೂತಿದ್ದೆ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗಿದೆ. ಬಾಯಿ ಮುಚ್ಚಿಕೊಂಡಿದ್ದ ತಪ್ಪೂ ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವು ಮಾಡುತ್ತಿದ್ದದ್ದು ರೋಬೋ. ಅಂಗೈಗಿಂತ ಸ್ವಲ್ಪ ಉದ್ದ. ಕಾಲು ಮಡಚಿ, ತಲೆಯನ್ನು ಒಳಗೆ ತಳ್ಳಿ, ಎದೆ ತಿರುಗಿಸಿದರೆ ಲಾರಿ. ಬಿಡಿಸಿದರೆ ಮತ್ತೆ ರೋಬೋ. ಒಟ್ಟು ಇಪ್ಪತ್ತೆರಡು ಮಡಿಕೆ. ಮಕ್ಕಳ ಸಾಮಾನು ಅಂದುಕೊಂಡರೆ ಕೆಟ್ಟಿರಿ. ಇದನ್ನು ಕೊಳ್ಳುವವರು ಮೀಸೆ ನರೆತ ಗಂಡಸರು. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ನೋಡುತ್ತಾ ಕೂರುತ್ತಾರಂತೆ. ಮೊಣಕಾಲು ಕೂದಲೆಳೆಯಷ್ಟು ಸಡಿಲವಿದ್ದರೂ ಅವರಿಗೆ ಅನ್ನ ಇಳಿಯುವುದಿಲ್ಲ. ಭೂತಗನ್ನಡಿ ಇಟ್ಟು ನೋಡಿ ಎರಡು ಪುಟ ಬರೆದು ಕಳಿಸುತ್ತಾರೆ.

“ಇವರಿಗೆ ಮನೇಲಿ ಹೆಂಡ್ತೀರು ಯಾವ ಕೆಲಸಾನೂ ಹೇಳಲ್ವಾ?” ಎಂದು ನಾನು ಸಿಡುಕುತ್ತಿದ್ದೆ.

“ನಗಬೇಡ ಕಣೆ,” ಅನ್ನುತ್ತಿದ್ದಳು ಜಡ್ಜಮ್ಮ. “ಚಿಕ್ಕವರಿದ್ದಾಗ ಸಿಗಲಿಲ್ಲ, ಈಗ ತಗೊಂಡಿದ್ದಾರೆ. ಅದೂ ನಿಲ್ಲಲಾರದೆ ಕುಸಿದು ಬಿದ್ರೆ ಹೊಟ್ಟೆ ಉರಿಯಲ್ವಾ?”

ರೋಬೋ ನಿಲ್ಲುವುದು ಮೊಣಕಾಲಿನ ಮೇಲೆ. ಅದರೊಳಗೆ ಸಣ್ಣ ಹಲ್ಲಿನ ಚಕ್ರವಿದೆ. ಮಡಚುವಾಗ ಕಟಕ್, ಬಿಡಿಸುವಾಗ ಕಟಕ್. ಆದರೆ ಜಡ್ಜಮ್ಮ ಕಿವಿಯನ್ನು ನಂಬಿದವಳಲ್ಲ. ಆ ಹಲ್ಲು ಕಚ್ಚುವುದು ಹೆಬ್ಬೆರಳಿಗೆ ತಗುಲಬೇಕು, ಆಗಲೇ ಅವಳ ‘ಹೂಂ’. ಇನ್ನೊಂದು ಮಾತನ್ನು ಹೊಸಬರಿಗೆಲ್ಲ ಅವಳೇ ಬಾಯಿಪಾಠ ಮಾಡಿಸಿದ್ದಳು: ಒಂದೇ ಸಲ ಮಡಚಬೇಕು, ಒಂದೇ ಸಲ ಬಿಡಿಸಬೇಕು. ಕೀಲಿಗೆ ಹಚ್ಚಿದ ಬಣ್ಣ ಪೂರ್ತಿ ಗಟ್ಟಿಯಾಗಲು ವಾರ ಹಿಡಿಯುತ್ತದೆ. ಅಷ್ಟರೊಳಗೆ ಎರಡು ಮೂರು ಸಲ ಆಡಿಸಿದರೆ ಬಣ್ಣ ಉದುರಿ, ಹಲ್ಲು ಸವೆದು, ಕಾಲು ಲಟಪಟ. ಪರೀಕ್ಷೆ ಮಾಡಿದ್ದಕ್ಕೇ ಕೆಡುವ ಸಾಮಾನು ಅದು. ಯಾರಾದರೂ ಇನ್ನೊಮ್ಮೆ ಮಡಚಲು ಹೋದರೆ ಕೈ ಮೇಲೆ ಪಟ್ಟನೆ ಒಂದು ಬಿಡುತ್ತಿದ್ದಳು. “ಇದೇನು ಹಾಸಿಗೆನಾ, ಮಡಚಿ ಬಿಡಿಸಿ ಮಡಚಿ ಬಿಡಿಸಿ ಆಡೋಕೆ?”

ಒಂದು ದಿನ ಊಟದ ಹೊತ್ತಿನಲ್ಲಿ ಅವಳು ತನ್ನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. “ಮುಚ್ಚಳ ಬಿಗಿ ಆಗಿದೆ, ತೆಗೆದುಕೊಡು.” ಅದೇನೂ ಬಿಗಿ ಇರಲಿಲ್ಲ, ನನಗೆ ಬೆರಳು ತಾಕಿಸಿದ್ದಕ್ಕೇ ಬಂತು. ಮರುದಿನವೂ ತಳ್ಳಿದಳು. ಆಮೇಲೆ ಅದೇ ರೂಢಿಯಾಯಿತು.

ಅದಾಗಿ ಕೆಲವು ವಾರಕ್ಕೆ ಕಟಕ್ ಲೆಕ್ಕ ತಪ್ಪಿತು. ಒಂದು ರೋಬೋಗೆ ಎರಡು ಕಟಕ್ ಕೇಳಿ ಕೇಳಿ ನನ್ನ ಕೈಗಳೂ ಅದೇ ತಾಳಕ್ಕೆ ಬಿದ್ದಿದ್ದವು. ಎರಡನೆಯದು ಕೇಳಿದೊಡನೆ ಎಡಗೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಅವತ್ತು ಡಬ್ಬಿ ಹಿಡಿದು ಕಾಯುತ್ತಾ ಕೂತೆ. ಕಟಕ್ ಕಟಕ್. ಕಟಕ್ ಕಟಕ್. ಕಟಕ್ ಕಟಕ್. ತಿರುಗಿ ನೋಡಿದೆ. ಅವಳು ಕಣ್ಣು ಮುಚ್ಚಿ, ತುಟಿ ಬಿಗಿದು, ಹೆಬ್ಬೆರಳನ್ನು ರೋಬೋದ ಮೊಣಕಾಲಿಗೆ ಒತ್ತಿ ಹಿಡಿದಿದ್ದಳು. ಆಮೇಲೆ ‘ಹೂಂ’ ಅಂದಳು. ನಾನು ಚೀಟಿ ಹಾಕಿ ಮುಚ್ಚಿದೆ.

ಆ ಸಂಜೆ ಕೈ ತೊಳೆಯುವ ಕೋಣೆಯಲ್ಲಿ ಅವಳು ನಲ್ಲಿಯ ಕೆಳಗೆ ಬಲಗೈ ಹಿಡಿದು ನಿಂತಿದ್ದಳು. ಹೆಬ್ಬೆರಳಿನ ಬುಡ ಊದಿ ನಿಂಬೆಹಣ್ಣಿನ ಹಾಗಾಗಿತ್ತು.

“ಅಯ್ಯೋ ಅಕ್ಕ! ಡಾಕ್ಟರಿಗೆ ತೋರಿಸಿದ್ರಾ?”

“ತೋರಿಸ್ದೆ. ಕೀಲು ಸವೆದಿದೆಯಂತೆ.” ಅಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. “ನೋವು ಹಾಳಾಗಿ ಹೋಗ್ಲಿ ಕಣೆ, ತಡ್ಕೋಬಹುದು. ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ಯಾರದೋ ಬೆರಳು ತಂದು ಅಂಟಿಸಿದ ಹಾಗಿದೆ. ಯಾರ ಹತ್ರಾನೂ ಬಾಯಿ ಬಿಡಬೇಡ. ಗೊತ್ತಾದ್ರೆ ನಾಳೇನೇ ರಟ್ಟು ಕತ್ತರಿಸೋ ಕಡೆ ಹಾಕ್ತಾರೆ. ಆ ಮೇಜು ಹೋದ್ರೆ ನಾನು ಯಾರೇ? ಹೇಳು ನೋಡೋಣ, ನಾನು ಯಾರು?”

ನಾನು ಆಣೆ ಇಟ್ಟೆ. ಆ ಕ್ಷಣದಲ್ಲೇ ಹೇಳಬಹುದಿತ್ತು: ಅಕ್ಕ, ನೀವು ಮೂರು ಮೂರು ಸಲ ಮಡಚ್ತಿದ್ದೀರಿ. ಅವಳಿಗದು ಗೊತ್ತೇ ಇರಲಿಲ್ಲ ಎಂದು ಈಗಲೂ ನನ್ನ ನಂಬಿಕೆ. ಬೆರಳಿಗೆ ತಗುಲದಿದ್ದಾಗ ಅನುಮಾನದಲ್ಲೇ ಪಾಸು ಮಾಡುವ ಜಾತಿಯಲ್ಲ ಅವಳು. ತಗುಲುವವರೆಗೆ ಮಡಚುತ್ತಿದ್ದಳು, ಅಷ್ಟೇ. ಸೋಮಾರಿಯಾಗಿದ್ದಿದ್ದರೆ ಅವಳ ಕೈಯಿಂದ ಒಂದು ರೋಬೋ ಕೂಡ ಕೆಡುತ್ತಿರಲಿಲ್ಲ. ಆದರೆ ನನ್ನ ಕೈ ಮೇಲೆ ಹೊಡೆದು ಕಲಿಸಿದವಳಿಗೆ ಅದೇ ಪಾಠವನ್ನು ತಿರುಗಿಸಿ ಹೇಳಲು ನನಗೆ ನಾಲಗೆ ಏಳಲಿಲ್ಲ. ಬೇರೆ ಯಾರ ಮೇಲಾದರೂ ಹರಿಹಾಯುವ ಬಾಯಿ ನನ್ನದು. ಬೇಕಾದಾಗ ಸತ್ತುಹೋಯಿತು. ನಾಳೆ ಹೇಳೋಣ, ಬೆರಳು ವಾಸಿಯಾಗಬಹುದು, ಎಂದುಕೊಳ್ಳುತ್ತಾ ನಾಲ್ಕು ತಿಂಗಳು ಮುಚ್ಚಳ ಮುಚ್ಚಿದೆ.

ಆಮೇಲೆ ಡಬ್ಬಿಗಳು ವಾಪಸ್ ಬರತೊಡಗಿದವು. ಪ್ರತಿ ಡಬ್ಬಿಯೊಳಗೂ ತಪಾಸಣೆ ಮಾಡಿದವರ ನಂಬರಿನ ಚೀಟಿ ಇರುತ್ತದೆ. ಜಡ್ಜಮ್ಮನದು ಹದಿನೇಳು.

ಸೂಪರ್‌ವೈಸರ್ ಅವಳ ಕೈಯಲ್ಲೇ ಪಳಗಿದವನು. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನಾಲ್ಕು ಬೈದು ನಾನು ಹಗುರಾಗುತ್ತಿದ್ದೆ. ಒಂದು ಬೆಳಿಗ್ಗೆ ಟ್ರೇ ಒಂದರಲ್ಲಿ ಹನ್ನೆರಡು ರೋಬೋ ತಂದು ಅವಳ ಮುಂದಿಟ್ಟ. ಡಬ್ಬಿ ಇಲ್ಲ, ಚೀಟಿ ಇಲ್ಲ.

“ಅಕ್ಕ, ಇವು ವಾಪಸ್ ಬಂದಿವೆ. ಏನಾಗಿದೆ ಅಂತ ನೀವೇ ಒಂದು ಸಲ ನೋಡಿ ಹೇಳಬೇಕು.”

ಅವನ ಅಂಗಿಯ ಜೇಬು ಉಬ್ಬಿತ್ತು. ಜಡ್ಜಮ್ಮ ಕನ್ನಡಕ ಒರೆಸಿಕೊಂಡಳು. ಮೊದಲನೆಯದನ್ನು ಮೇಜಿನ ಮೇಲೆ ನಿಲ್ಲಿಸಿದಳು. ಅದು ಎರಡು ಕ್ಷಣ ನಿಂತು, ಮೊಣಕಾಲು ಬಾಗಿ, ಮೆಲ್ಲನೆ ಕುಸಿಯಿತು. ಎರಡನೆಯದೂ ಹಾಗೇ. ಇದಕ್ಕೆ ಹೆಬ್ಬೆರಳು ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಐದನೆಯದು ಬೀಳುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

“ಯಾರ್ರೀ ಇದನ್ನ ಪಾಸ್ ಮಾಡಿದ್ದು?” ಅವಳ ಗಂಟಲು ಇಡೀ ಸಾಲಿಗೆ ಕೇಳಿತು. “ಹಸಿ ಬಣ್ಣದ ಮೇಲೆ ಮೂರ್ಮೂರು ಸಲ ಮಡಚಿದ್ದಾರೆ, ಇಲ್ನೋಡಿ, ಕೀಲಲ್ಲಿ ಪುಡಿ ಉದುರಿದೆ. ಕೈಯೋ ಕಬ್ಬಿಣವೋ? ಇಂಥವರನ್ನ ಯಾಕೆ ಇಟ್ಕೊಂಡಿದ್ದೀರಿ? ಮೊದಲು ಆ ಕುರ್ಚಿಯಿಂದ ಎಬ್ಬಿಸಿ!”

ಅವನು ತಲೆ ತಗ್ಗಿಸಿದ. ಜೇಬಿನಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟ. ಅವಳು ಒಂದೊಂದನ್ನೇ ಎತ್ತಿ ನೋಡಿದಳು. ಮೂರು ನೋಡಿದರೆ ಸಾಕಿತ್ತು, ಹನ್ನೆರಡನ್ನೂ ನೋಡಿದಳು. ಆಮೇಲೆ ರೋಬೋಗಳನ್ನು ಒಂದೊಂದಾಗಿ ಕೆಂಪು ಬುಟ್ಟಿಗೆ ಹಾಕಿದಳು. ಕೆಲಸದ ಮೇಲಂಗಿಯ ಸೊಂಟದ ಗಂಟು ಬಿಚ್ಚಲು ಹೆಬ್ಬೆರಳು ಸಹಕರಿಸಲಿಲ್ಲ. ನಾನು ಎದ್ದು ಹಿಂದಿನಿಂದ ಬಿಚ್ಚಿದೆ.

“ತೀರ್ಪು ನಾನೇ ಕೊಟ್ಟಾಯ್ತಲ್ಲಪ್ಪ,” ಅಂದಳು ಅವನಿಗೆ. ನನ್ನ ಕಡೆ ತಿರುಗಿ, ತುಂಬಾ ಮೆಲ್ಲಗೆ, “ನಿನಗೆ ಕೇಳಿಸ್ತಿತ್ತು, ಅಲ್ವಾ?” ಎಂದಳು.

ನಾನು ನೆಲ ನೋಡಿದೆ. ಅವಳು ಹೊರಟುಹೋದಳು. ರಟ್ಟು ಕತ್ತರಿಸುವ ಕಡೆಗೂ ಬರಲಿಲ್ಲ.

ಕಾರ್ಖಾನೆಯಿಂದ ಬೀಳ್ಕೊಡುಗೆಗೆ ಒಂದು ರೋಬೋ ಕಳಿಸಿದರು. ಯಾರ ತಲೆಗೆ ಹೊಳೆದದ್ದೋ, ಅವರ ಬುದ್ಧಿಗೆ ಬೆಂಕಿ ಬೀಳಲಿ. ಎರಡು ತಿಂಗಳು ಕಳೆದು, ಮುಖ ಗಟ್ಟಿ ಮಾಡಿಕೊಂಡು ಒಂದು ಭಾನುವಾರ ಅವಳ ಮನೆಗೆ ಹೋದೆ. ಬಾಗಿಲು ತೆರೆದ ಮಗಳು ಪಿಸುಗುಟ್ಟಿದಳು: “ಬನ್ನಿ ಚಿಕ್ಕಮ್ಮ. ದಿನಾ ಬೆಳಿಗ್ಗೆಯಿಂದ ಅದನ್ನೇ ಹಿಡ್ಕೊಂಡು ಕೂರ್ತಾಳೆ. ಬೇಡ ಅಂದ್ರೂ ಕೇಳಲ್ಲ.”

ಜಡ್ಜಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಅವಳ ಮಡಿಲಲ್ಲಿದ್ದದ್ದು ಲಾರಿಯೂ ಅಲ್ಲ, ರೋಬೋವೂ ಅಲ್ಲ; ಹತ್ತೊಂಬತ್ತನೆಯ ಮಡಿಕೆಯಲ್ಲಿ ನಿಂತುಹೋಗಿತ್ತು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟಳು.

“ಮುಗಿಸು. ಆಮೇಲೆ ಬಿಡಿಸು. ಒಂದೇ ಸಲ.”

ಮಡಚಿದೆ, ಬಿಡಿಸಿದೆ. ಕಟಕ್ ಎಂಬ ಶಬ್ದ ಬಂತು, ಆದರೆ ಬೆರಳಿಗೆ ಏನೂ ಕಚ್ಚಲಿಲ್ಲ. ಅವಳೇ ಆಡಿಸಿ ಆಡಿಸಿ ಹಲ್ಲೆಲ್ಲ ಸವೆಸಿಬಿಟ್ಟಿದ್ದಳು. ಅವಳು ರೋಬೋವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೂಂನಾ, ಊಹೂಂನಾ?”

ಚೆನ್ನಾಗಿದೆ ಅಕ್ಕ ಎನ್ನುವ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದೆ.

“ಊಹೂಂ, ಅಕ್ಕ.”

ಅವಳು ನಿಧಾನವಾಗಿ ತಲೆಯಾಡಿಸಿ, ನನ್ನ ಕೈಯಿಂದ ರೋಬೋವನ್ನು ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಮಲಗಿಸಿದಳು.

“ಇಷ್ಟೇ ಕಣೆ,” ಅಂದಳು. “ಆವತ್ತು ಇಷ್ಟು ಹೇಳಿದ್ರೆ ಸಾಕಿತ್ತು.”