ಉಳಿದರ್ಧ ಮಾತು

ಮೌಲಾಲಿ, ನಿನ್ನ ಎದೆಗೆ ಏನೂ ಆಗಿರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಅಲ್ಲ, ಹಾಗೆಂದರೆ ಅದೂ ಸುಳ್ಳೇ. ಅರ್ಧ ಮಾತು ಹೇಳಿ ಉಳಿದರ್ಧ ನುಂಗಿದೆ.

ಕಾರಣ ಹೊಟ್ಟೆಕಿಚ್ಚು, ಬೇರೇನಲ್ಲ. ಶಿಗ್ಗಾಂವಿಯ ಆ ಗರಡಿ ನನ್ನ ಅಪ್ಪನದು, ಅಲ್ಲಿ ಕುಸ್ತಿ ಕಲಿಸುವ ವಸ್ತಾದನೂ ಅವನೇ; ಅಲ್ಲಿಯ ಕೆಂಪು ಮಣ್ಣಿನಲ್ಲೇ ಅಂಬೆಗಾಲಿಟ್ಟವನು ನಾನು. ನೀನು ಸವಣೂರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದವನು. ಆದರೂ ತಾಲೀಮು ಮುಗಿದ ಮೇಲೆ ಅಪ್ಪ ಹಾಲಿನ ಲೋಟವನ್ನು ಮೊದಲು ನಿನ್ನ ಕೈಗೆ ಕೊಡುತ್ತಿದ್ದ. ನಿನ್ನ ಬೆನ್ನು ತಟ್ಟುವಾಗ ಅವನ ಮುಖಕ್ಕೆ ಬರುತ್ತಿದ್ದ ಕಳೆ ನನ್ನ ಕಡೆ ತಿರುಗುವಷ್ಟರಲ್ಲಿ ಆರಿರುತ್ತಿತ್ತು. ಹಿರೇಕೆರೂರಿನ ಕುಸ್ತಿಯ ಕೊನೆಯ, ಎಲ್ಲಕ್ಕಿಂತ ದೊಡ್ಡ ಜೋಡಿಗೆ ಅವನು ನಿನ್ನ ಹೆಸರು ಕೊಟ್ಟ ದಿನ ನನಗೆ ಊಟ ಸೇರಲಿಲ್ಲ.

ಅದಕ್ಕಿನ್ನೂ ತಿಂಗಳಿರುವಾಗ ನಿನಗೆ ಎದೆ, ತೋಳು ನೋವು ಬಂತು. ಡಾಕ್ಟರು ಇಸಿಜಿ ತೆಗೆದು, ಮರುದಿನ ಬಂದು ರಕ್ತ ಕೊಡು ಎಂದರು. ಆ ಮುಂಜಾನೆಯೂ ನೀನು ಗರಡಿಗೆ ಬಂದೆ. ಕುಸ್ತಿ ಹಿಡಿದ ಪೈಲ್ವಾನ ಒಂದು ದಿನವೂ ತಾಲೀಮು ತಪ್ಪಿಸಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಕಾಲು ನಡುಗುವ ತನಕ ಬೈಠಕ್ ಹೊಡೆದು, ಬೆವರು ಆರುವ ಮುಂಚೆಯೇ ಹೋಗಿ ತೋಳು ಚಾಚಿದೆ.

ರಿಪೋರ್ಟ್ ತರಲು ಹೋದವನು ನಾನು. ಸಿಪಿಕೆ ಎಂಬ ಕಿಣ್ವ ವಿಪರೀತ ಏರಿತ್ತು. ಡಾಕ್ಟರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಅದು ಸ್ನಾಯುವಿನ ಒಳಗೆ ಇರುವಂಥದ್ದು, ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಹೃದಯವೂ ಸ್ನಾಯುವೇ, ಅದಕ್ಕೇ ಜನ ಹೆದರುವುದು. ಆದರೆ ಇವನ ಇಸಿಜಿ ಸರಿಯಾಗಿದೆ, ಹೃದಯಕ್ಕೆಂದೇ ಮಾಡಿದ ಇನ್ನೊಂದು ಪರೀಕ್ಷೆಯೂ ಸರಿಯಾಗಿದೆ. ಇದು ದಿನಾ ಬಿಡದೆ ದಂಡ, ಬೈಠಕ್ ಹೊಡೆದದ್ದರ ಫಲ; ಎದೆ, ತೋಳಿನ ನೋವೂ ಅದರದ್ದೇ. ಚೆನ್ನಾಗಿ ನೀರು ಕುಡಿಯಲಿ, ಒಂದು ವಾರ ತಾಲೀಮು ಬಿಟ್ಟು ಮತ್ತೆ ರಕ್ತ ಕೊಡಲಿ. ಇಳಿದಿದ್ದರೆ ಕುಸ್ತಿ ಆಡಲಿ ಎಂದರು.

ಎಲ್ಲ ತಿಳಿಯಿತು. ನಾನು ದಡ್ಡನಾಗಿದ್ದರೆ ಚೆನ್ನಾಗಿತ್ತು.

ಗರಡಿಯ ಹೊರಗಿನ ಕಟ್ಟೆಯ ಮೇಲೆ ನೀನು, ನಿನ್ನ ತಾಯಿ, ಅಪ್ಪ ಕಾಯುತ್ತಿದ್ದಿರಿ. ಸ್ನಾಯು ಹರಿದಿವೆಯಂತೆ ಎಂದೆ. ಎಲ್ಲಿಯ ಸ್ನಾಯು ಎಂದು ಅಪ್ಪ ಕೇಳಿದ. ನಿನ್ನ ಮುಖ ನೋಡದೆ ಹೇಳಿದೆ —

"ಎದಿನೂ ಸ್ನಾಯುನ ಅಲ್ಲೇನಪ್ಪ?"

ಅಷ್ಟೇ. ನಿನ್ನ ತಾಯಿ ನಿನ್ನ ಕೈ ಹಿಡಿದುಕೊಂಡು ಎದ್ದರು. "ನನಗ ಮಗ ಬೇಕ್ರಿ ವಸ್ತಾದ, ಪೈಲ್ವಾನ ಬ್ಯಾಡ" ಎಂದರು. ಮತ್ತೆ ರಕ್ತ ಕೊಡಬೇಕೆಂಬುದನ್ನು ನಾನು ಹೇಳಲೇ ಇಲ್ಲ. ಇನ್ನೊಂದು ರಿಪೋರ್ಟಿನಲ್ಲಿ ಏನಿರುತ್ತದೋ ಎಂಬ ಹೆದರಿಕೆಗೆ ನೀನೂ ಯಾವ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ.

ಹಿರೇಕೆರೂರಿನ ಜೋಡಿ ನನಗೆ ಬಂತು. ಗೆದ್ದೆ. ಅಪ್ಪ ನನ್ನ ತಲೆಗೆ ಪಟಗಾ ಸುತ್ತುತ್ತಾ, "ಮೌಲಾ ಇದ್ದಿದ್ರ ಇನ್ನೂ ಚಂದ ಆಡ್ತಿದ್ದ" ಎಂದ. ಆಗಲಾದರೂ ಪಶ್ಚಾತ್ತಾಪ ಬರಬೇಕಿತ್ತು. ಬಂದದ್ದು ಮತ್ತಷ್ಟು ಹೊಟ್ಟೆಕಿಚ್ಚು.

ಈಗ ಸವಣೂರಿನಲ್ಲಿ ನಿನ್ನದು ಎಲೆ ಅಂಗಡಿ. ವೀಳ್ಯದೆಲೆಯ ಪೆಂಡಿ ಎತ್ತುವ ಮುಂಚೆ ಎದೆ ಮುಟ್ಟಿಕೊಳ್ಳುತ್ತೀಯ. ಅದನ್ನು ನೋಡಿಕೊಂಡೇ ಎಷ್ಟು ಸಲ ನಿನ್ನ ಕೈಯ ಎಲೆ ಮೆದ್ದು ಬಂದಿದ್ದೇನೆ! ಇಷ್ಟು ವರ್ಷ ಮೆದ್ದವನು ಇನ್ನೂ ಮೆಲ್ಲುತ್ತಿದ್ದೆನೇನೋ — ಆದರೆ ಹೋದ ವಾರ ನಿನ್ನ ಮಗಳು ಶಬಾನಾ ಗರಡಿಗೆ ಬಂದಿದ್ದಳು. ನಾನೀಗ ಹುಡುಗಿಯರಿಗೂ ಕಲಿಸುತ್ತೇನಲ್ಲ, ಅದನ್ನು ನೋಡಲು. ಕಲಿಯುತ್ತೀಯಾ ಎಂದು ಕೇಳಿದೆ.

"ಅಬ್ಬಾ ಬ್ಯಾಡ ಅಂತಾರ್ರಿ ಕಾಕಾ. ನಮ್ಮ ರಕ್ತದಾಗನ ಎದಿ ರೋಗ ಐತಂತ."

ಹಾಗೆನ್ನುತ್ತಾ ಮಣ್ಣಿಗಿಳಿದು ಕಾಲು ಊರಿ ನಿಂತಳು — ಥೇಟ್ ನಿನ್ನ ಹಾಗೆ. ಕೇಳು, ಈ ವಯಸ್ಸಿನಲ್ಲೂ ನನ್ನೊಳಗೆ ಮೊದಲು ಎದ್ದದ್ದು ಅದೇ ಕಿಚ್ಚು: ನನ್ನ ಮಗನಿಗೆ ಹಾಗೆ ನಿಲ್ಲಲು ಬರುವುದಿಲ್ಲ. ನಾಚಿಕೆ ಬಂದದ್ದು ಆಮೇಲೆ.

ನಾಳೆ ನಿನ್ನ ಅಂಗಡಿಗೆ ಬರುತ್ತೇನೆ. ಶಬಾನಾಳನ್ನೂ ಕರೆದು ಕೂರಿಸು ಎನ್ನುತ್ತೇನೆ. ನುಂಗಿದ ಉಳಿದರ್ಧ ಮಾತನ್ನು ಅವಳ ಮುಂದೆಯೇ ಹೇಳುತ್ತೇನೆ. ಕೇಳಿದ ಮೇಲೆ ಎದ್ದು ಹೊಡೆಯಬೇಕು ಅನ್ನಿಸಿದರೆ ಹೊಡೆ, ಮೌಲಾ — ಎದೆ ಮುಟ್ಟಿಕೊಳ್ಳದೆ ಹೊಡೆ.